ಒಕ್ಕಲಿನ ಕರೆ

ಅಪ್ಪಾ,

ನಿನ್ನೆ ತಮ್ಮ ವಿಕಾಸನ ಜೊತೆ ಮಣಿಪಾಲದಲ್ಲಿ ಒಂದು ಸಿನೆಮಾ ನೋಡಿದೆ. ಅದರಲ್ಲಿ ಕಾಪುವಿನ ಒಬ್ಬ ಅಪ್ಪ, ಮಗ ಮಾತು ಬಿಟ್ಟಿದ್ದಾರೆ. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ಮನೆಯ ನಾಯಿಗೆ ಹೇಳುತ್ತಾರೆ. ಎಲ್ಲರಿಗಿಂತ ಜೋರಾಗಿ ನಕ್ಕವನು ವಿಕಾಸ. "ನಮ್ಮಲ್ಲಿ ಆ ನಾಯಿ ನೀನೇ ಅಲ್ವಾ ಅಕ್ಕ?"

ಇಂಟರ್ವೆಲ್‌ನಲ್ಲಿ ಕೇಳಿದ: "ಪರ್ಕಳದಲ್ಲಿ ಹೊಸ ಮನೆ ಕಟ್ಟಿದಾಗ ಮನೆ ಒಕ್ಕಲಿಗೆ ಅಪ್ಪ ಬರಬೇಕು ಅಂತ ಆವತ್ತು ನಿನ್ನಲ್ಲಿ ಹೇಳಿ ಕಳಿಸಿದ್ದೆನಲ್ಲ, ಅವರು ಎಂತ ಹೇಳಿದ್ರು?"

"ಏನೂ ಹೇಳಲಿಲ್ಲ."

ಅದು ಸುಳ್ಳಲ್ಲ. ನೀವು ಬೈದರೆ ಆ ಬೈಗುಳವನ್ನೂ ನಾನೇ ಅವನಿಗೆ ಮುಟ್ಟಿಸಬೇಕಲ್ಲ ಎಂದು ಅವನ ಕರೆಯನ್ನು ನಿಮಗೆ ಹೇಳಿಯೇ ಇರಲಿಲ್ಲ. ನೀವು ತೀರಿಕೊಂಡು ಈಗ ಮೂರು ವರ್ಷ.

ಅವನು ತಲೆಯಾಡಿಸಿ ಒಳಗೆ ಹೋದ. ಸಿನೆಮಾ ಮುಗಿಯುವವರೆಗೂ ಮತ್ತೆ ನಗಲಿಲ್ಲ.

ಅಪ್ಪಾ, ವಿಕಾಸನ ಮನೆ ಒಕ್ಕಲು ಉಂಟಂತೆ. ನೀವು ಬರಬೇಕಂತೆ.