ಆ ಎರಡು ದಿನ

ಕೋಡಿ, ಕುಂದಾಪುರ
೪-೨-೨೦೨೫

ಪ್ರೀತಿಯ ಮಗ ವಿಶಾಲನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀ? ರತ್ನಾಗಿರಿಯ ನೀರು ಮೈಗೆ ಹಿಡಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟು ಬಂದರೆ ಊಟ ಬಿಡುವವನು ನೀನು, ನನಗೆ ಗೊತ್ತಿಲ್ಲವೇ. ನಾನೂ ದಿವ್ಯಾಳೂ ಶನಿವಾರ ಆಸ್ಪತ್ರೆಯಿಂದ ಮನೆಗೆ ಬಂದೆವು.

ನಿನ್ನ ಹೆಂಡತಿಗೆ ಜ್ವರ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಅದು ಬರೀ ಜ್ವರವಲ್ಲ ಮಗಾ. ಮಿದುಳಿನ ಪೊರೆಗೆ ಸೋಂಕು, ಮೆನಿಂಜೈಟಿಸ್ ಅಂತೆ. ಹದಿನಾರು ದಿನ ಇಂಜೆಕ್ಷನ್ ಕೊಟ್ಟು ಜೀವ ಉಳಿಸಿದರು. ಎಚ್ಚರವಾದಾಗ ಅವಳ ಮೊದಲ ಮಾತು, ‘ಅತ್ತೆ, ಇನ್ನೂ ಬೆಳ್ಗಾಗ್ಲಿಲ್ಯಾ?’ ಆಗ ಮಧ್ಯಾಹ್ನದ ಗಂಜಿ ಬಂದಿತ್ತು. ಇಲ್ಲ ಎಂದುಬಿಟ್ಟೆ. ಕಣ್ಣಿನ ನರಕ್ಕೆ ಪೆಟ್ಟಾಗಿದೆ, ದೃಷ್ಟಿ ಮರಳುವ ಭರವಸೆ ಇಲ್ಲ ಎಂದು ಡಾಕ್ಟರು ಆಮೇಲೆ ಅವಳಿಗೇ ಹೇಳಿದರು. ಅವಳು ಅಳಲಿಲ್ಲ.

ತಲೆನೋವು, ಕುತ್ತಿಗೆನೋವು ಶುರುವಾದ ಮೇಲೂ ಎರಡು ದಿನ ಅವಳು ಯಾರಿಗೂ ಹೇಳದೆ ಮೀನಿನ ಬುಟ್ಟಿ ಹೊತ್ತು ತಲ್ಲೂರಿಗೆ ಹೋಗಿದ್ದಳು. ಹಾಗಾಗಿ ತಡವಾಯಿತು. ಅದು ತಿಳಿದು ನೀನು, ‘ಬಾಯಿ ಇರ್ಲಿಲ್ಯಾ ನಿಂಗೆ?’ ಎಂದು ಫೋನಿನಲ್ಲಿ ಬೈದೆ. ಕಣ್ಣಿನ ವಿಷಯ ಅವಳ ಬಾಯಿಗೇ ಬರಲಿಲ್ಲ. ಅಂದಿನಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಈಗ ಗೋಡೆ ಹಿಡಿದು ಬಚ್ಚಲಿಗೆ ಒಬ್ಬಳೇ ಹೋಗುತ್ತಾಳೆ. ನಿನ್ನೆ ನಾನು ತಂದ ಬಂಗುಡೆಯನ್ನು ಒತ್ತಿ ನೋಡಿ, ‘ಇದ್ ನಿನ್ನೆದ್ ಅತ್ತೆ, ನಿಮ್ಗೆ ಮೋಸ ಮಾಡಿರ್’ ಎಂದು ನನಗೇ ಪಾಠ ಹೇಳಿದಳು. ಆದರೆ ಯಾರದೇ ಫೋನ್ ಬಂದರೂ ನೀನೇ ಎಂದು ಬೆಚ್ಚುತ್ತಾಳೆ. ಕಣ್ಣಿಲ್ಲದವಳು ಬೇಡ ಎಂದು ನೀನು ಹೇಳಿಬಿಟ್ಟರೆ ಎಂಬ ಹೆದರಿಕೆ ಅವಳಿಗೆ.

ಬೋಟಿನವರಿಗೆಲ್ಲ ಕೇಳಿದೆನೆಂದು ಹೇಳು. ನೀರಿನ ಮೇಲಿರುವ ನಿನ್ನನ್ನು ದೇವರು ಕಾಯಲಿ.

ನಿನ್ನ ಅಮ್ಮ,
ಪದ್ದು

ಬಿಟ್ಟುಹೋದ ಮಾತು: ಮೇಲಿನದ್ದನ್ನೆಲ್ಲ ದಿವ್ಯಾ ನನ್ನಿಂದ ಓದಿಸಿ ಕೇಳಿದ್ದಾಳೆ. ಇದನ್ನು ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅವಳು ಏನನ್ನೂ ಮುಚ್ಚಿಡಲಿಲ್ಲ. ಮೊದಲ ದಿನವೇ, ‘ಅತ್ತೆ, ಕುತ್ಗಿ ಬಗ್ಸುಕೆ ಆತಿಲ್ಲ, ಡಾಕ್ಟ್ರ ಹತ್ರ ಹೋಪ’ ಎಂದಳು. ‘ಹೊಸ್ತಾಗಿ ಬುಟ್ಟಿ ಹೊತ್ರೆ ಎಲ್ರಿಗೂ ಹಾಂಗೇ ಆಪುದ್’ ಎಂದು ನಾನು ಎಣ್ಣೆ ತಿಕ್ಕಿ, ಮರುದಿನ ಮತ್ತೆ ಬುಟ್ಟಿ ಹೊರಿಸಿ ಕಳಿಸಿದೆ. ತಿಳಿದರೆ ನೀನು ನನ್ನ ಹತ್ತಿರ ಮಾತು ಬಿಡುತ್ತೀ ಎಂದು ಅವಳು ತಪ್ಪು ತನ್ನದೆಂದಳು. ನೀನು ಅವಳಿಗೆ ಬೈಯುವಾಗ ನಾನು ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ. ಬೇಗ ಬಾ. ನನ್ನ ಹತ್ತಿರ ಮಾತು ಬಿಟ್ಟರೂ ಸರಿ, ಅವಳ ಹತ್ತಿರ ಆಡು.