ಐನೂರು ಗುಂಡಿನ ಪರೀಕ್ಷೆ

ಶನಿವಾರ, 29 ಆಗಸ್ಟ್ 2015. ಮಧ್ಯಾಹ್ನ 1

ಇವತ್ತು ಐವತ್ತು ಗುಂಡು. ಒಟ್ಟು ನೂರು. 25 ಮೀಟರ್, ಎರಡೂ ಕೈ. ಗುಂಡುಗಳು ಇನ್ನೂ ಎಡಕ್ಕೇ ಬೀಳುತ್ತಿವೆ — ಪಿಸ್ತೂಲಿನದಲ್ಲ, ನನ್ನ ಬೆರಳಿನ ತಪ್ಪು. ಹಿಡಿ ಚೆನ್ನಾಗಿದೆ, ನನ್ನಂಥ ಸಣ್ಣ ಕೈಗೂ ಒಗ್ಗುತ್ತದೆ. ಗುರಿ ಹಿಡಿಯುವ ಹಿಂದಿನ ಸೈಟ್ ಮಾತ್ರ ಯಾರೋ ಬೇಜಾರಿನಲ್ಲಿ ಕೂರಿಸಿದ ಹಾಗಿದೆ.

ತುರ್ಕಿಯ ಮಾಲು. ಒಂಬತ್ತು ಎಂಎಂ, ಮಧ್ಯಮ ಗಾತ್ರ, ಶೂಟಿಂಗ್ ಕ್ಲಬ್ಬಿನ ಉಳಿದವರ ಪಿಸ್ತೂಲುಗಳ ಅರ್ಧ ಬೆಲೆ. ಅದಕ್ಕೇ ಎಲ್ಲರಿಗೂ ತಾತ್ಸಾರ. ರೇಂಜ್ ನೋಡಿಕೊಳ್ಳುವ ಟೀನೆಕೆ, ಅರವತ್ತೆಂಟರ ಗಟ್ಟಿ ಹೆಂಗಸು, ಹೇಳಿದ್ದಾಳೆ: ಐನೂರು ಗುಂಡು ಹೊಡೆದು ನೋಡು, ಒಂದು ಪುಟದ ರಿಪೋರ್ಟ್ ಕೊಡು, ಚೆನ್ನಾಗಿದ್ದರೆ ಹೊಸಬರಿಗೆಂದು ಕ್ಲಬ್ ಎರಡು ಕೊಳ್ಳುತ್ತದೆ. ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡಿ ಸಾವಿರ ರಿಪೋರ್ಟ್ ಬರೆದಿದ್ದೇನೆ. ಒಂದನ್ನೂ ಯಾರೂ ಓದಿಲ್ಲ. ಇದನ್ನು ಓದುತ್ತಾರೆ.

ನನ್ನ ಗಂಡ ರವಿಗೆ ಹೇಳಿದರೆ, "ನಿನಗ್ಯಾಕ ಬೇಕಾಗಿತ್ತವಾ ಈ ಉಸಾಬರಿ" ಅಂದರು. ಯಾಕೆ ಬೇಕು ಅಂದರೆ ಬೇಕು. ಗದಗಿನಲ್ಲಿ ಎನ್‌ಸಿಸಿ ರೈಫಲ್ ಮೆಡಲ್ ತಂದಿದ್ದೆ. ಮದುವೆಯಾದ ಮೇಲೆ ಅದು ಯಾರ ನೆನಪಿನಲ್ಲೂ ಇಲ್ಲ. ಈ ಪರದೇಶದಲ್ಲಿ ಲೈಸೆನ್ಸಿಗೆ ಹದಿನಾಲ್ಕು ತಿಂಗಳು ಅಲೆದಿದ್ದೇನೆ. ಪೊಲೀಸರು ಮನೆಗೇ ಬಂದು, ಕಬ್ಬಿಣದ ಪೆಟ್ಟಿಗೆ ಗೋಡೆಗೆ ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ ನೋಡಿದರು. ಪಿಸ್ತೂಲು ಬೇರೆ ಖಾನೆ, ಗುಂಡು ಬೇರೆ ಖಾನೆ. ನನ್ನ ಹೊರತು ಇನ್ನೊಬ್ಬರ ಕೈಗೆ ಸಿಕ್ಕರೆ ಲೈಸೆನ್ಸ್ ಹೋಯಿತು. ಮತ್ತೆ ಕೇಳುವ ಹಾಗೂ ಇಲ್ಲ.

ಶನಿವಾರ, 19 ಸೆಪ್ಟೆಂಬರ್

ರೇಂಜಿಗೆ ರಜಾ. ಅತ್ತೆ ಬಂದರು. ಮೂರು ತಿಂಗಳಿಗೆ. ಒಂದು ಸೂಟ್‌ಕೇಸ್ ಪೂರ್ತಿ ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಅಗಸಿ ಚಟ್ನಿ. ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ನಾಯಿ ಮೂಸಿ ಹೋಯಿತಂತೆ — "ಅದಕ್ಕೂ ಒಂದು ಹೋಳಿಗಿ ಕೊಡೋದಿತ್ತು" ಅಂದರು. ಈ ಅನ್ನಪೂರ್ಣವ್ವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಪೆಟ್ಟಿಗೆ ನೋಡಿ, "ಬಂಗಾರೇನು?" ಅಂತ ಕೇಳಿದರು.

"ಪಿಸ್ತೂಲರೀ ಅತ್ತಿ. ಆಟಕ್ಕ. ಗುರಿ ಹೊಡಿಯೋ ಆಟ."

ಬೈಯುತ್ತಾರೆ ಎಂದುಕೊಂಡಿದ್ದೆ. ಕಣ್ಣು ಅರಳಿತು. "ನಮ್ಮ ಮಾವನೋರ ಕಡೆ ಬಂದೂಕಿತ್ತು. ಹೆಣಮಕ್ಕಳಿಗೆ ಮುಟ್ಟಾಕೂ ಕೊಡತಿದ್ದಿಲ್ಲ. ನೀ ಹೊಡಿ, ಛಲೋ ಹೊಡಿ."

ರಾತ್ರಿ ಊಟಕ್ಕೆ ಮೊದಲೇ ದೇವರ ಜಗಲಿ ಅವರ ವಶ. "ಇನ್ನ ದೇವರದು ನಾ ನೋಡ್ಕೋತೀನಿ, ನಿನಗ ಆಫೀಸಿರ್ತದ." ಪುಣ್ಯ ಬಂತು ಎಂದುಕೊಂಡೆ.

ಶನಿವಾರ, 10 ಅಕ್ಟೋಬರ್

ಒಟ್ಟು ಮುನ್ನೂರೈವತ್ತು. ಎಡಕ್ಕೆ ಬೀಳುವುದು ನಿಂತಿದೆ. ಐದು ಗುಂಡು ಏಳು ಸೆಂಟಿಮೀಟರ್ ಒಳಗೆ. ಅಗ್ಗದ ಗುಂಡಿಗೆ ಎರಡು ಸಲ ಸಿಕ್ಕಿಹಾಕಿಕೊಂಡಿತು, ಒಳ್ಳೆಯದಕ್ಕೆ ಒಂದು ಸಲವೂ ಇಲ್ಲ. ಟೀನೆಕೆ ಟಾರ್ಗೆಟ್ ಕಾಗದ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಾವೆಲ್ಲ ಸುಮ್ಮನೆ ದುಡ್ಡು ದಂಡ ಮಾಡಿದೆವು" ಅಂದಳು. ಅವಳ ಬಾಯಿಂದ ಇಷ್ಟು ಬಂದರೆ ಬಹಳ.

ಮನೆಗೆ ಬರುವವರೆಗೂ ಕಾರಿನಲ್ಲಿ ಒಬ್ಬಳೇ ನಗುತ್ತಿದ್ದೆ. ಹುಚ್ಚಿ.

ಗುರುವಾರ, 22 ಅಕ್ಟೋಬರ್. ಸಂಜೆ 7

ಮಹಾನವಮಿ. ಖಂಡೆ ಪೂಜೆ, ಅಂದರೆ ಆಯುಧಪೂಜೆ. ರಜೆ ಸಿಗಲಿಲ್ಲ. ರವಿ ರಜೆ ಹಾಕಿದ್ದರು, ಮಗಳು ವೈಷ್ಣವಿಗೆ ಹೇಗೂ ಶಾಲೆಯ ರಜೆ.

ಮನೆಗೆ ಬಂದರೆ ಸಿಕ್ಕಿದ್ದಕ್ಕೆಲ್ಲ ಕುಂಕುಮ. ಮೂರು ಸೈಕಲ್, ಮಿಕ್ಸರ್, ಲ್ಯಾಪ್‌ಟಾಪ್, ಈಳಿಗೆ. ಕಾರಿನ ನಾಲ್ಕೂ ಗಾಲಿಗೆ ನಿಂಬೆಹಣ್ಣು. ಪಕ್ಕದ ಮನೆಯವನು ಇದೇನು ಕಳ್ಳರಿಗೆ ಉಪಾಯವೇ ಅಂತ ಕೇಳಿದ. ಹೌದು ಅಂದೆ. ಅತ್ತೆ ಮಾಡಿದ ಹೋಳಿಗೆ ನಾಲ್ಕು ತಿಂದು ಕೂತಿದ್ದೇನೆ, ಏಳಲಾಗುತ್ತಿಲ್ಲ.

ಶನಿವಾರ, 24 ಅಕ್ಟೋಬರ್. ಮಧ್ಯಾಹ್ನ 12.10. ಕಾರಿನಲ್ಲಿ

ಅಕ್ಷರ ಹೇಗಾದರೂ ಬರಲಿ.

ಹತ್ತೂವರೆಗೆ ಕೇಸ್ ತೆಗೆದೆ. ಪಿಸ್ತೂಲನ್ನು ಟಾರ್ಗೆಟ್ ಕಡೆ ತಿರುಗಿಸಿ, ಖಾಲಿ ಇದೆಯೇ ನೋಡಲು ಮೇಲಿನ ಭಾಗ ಹಿಂದಕ್ಕೆಳೆದೆ. ಪ್ರತಿ ಸಲ ಮಾಡುತ್ತೇನೆ. ಪ್ರತಿ ಸಲ ಖಾಲಿ.

ಒಂದು ಗುಂಡು ಟಣ್ ಅಂತ ಹಾರಿ ಮೇಜಿನ ಮೇಲೆ ಬಿತ್ತು.

ಒಳಗೆ ಗುಂಡಿತ್ತು. ಎಷ್ಟು ದಿನದಿಂದ... ಹೋದ ವಾರ ನಾನೇ ತೊಳೆದು, ಎಣ್ಣೆ ಹಾಕಿ, ಖಾಲಿ ಮಾಡಿ ಇಟ್ಟಿದ್ದೆ. ಬೀಗ ಹಾಕಿದ್ದೆ. ಇವತ್ತು ಗುಂಡು ತುಂಬಿದ ಪಿಸ್ತೂಲನ್ನು ಹಿಂದಿನ ಸೀಟಿನಲ್ಲಿ, ವೈಷ್ಣವಿಯ ಹಾಕಿ ಕೋಲಿನ ಪಕ್ಕ ಇಟ್ಟುಕೊಂಡು ಬಂದೆ.

ಟೀನೆಕೆ ಆ ಕಡೆ ಯಾರಿಗೋ ಸದ್ದು ತಡೆಯಲು ಕಿವಿಗೆ ಹಾಕುವುದು ಕೊಡುತ್ತಿದ್ದಳು. ನೋಡಲಿಲ್ಲ. ಗುಂಡು ಜೇಬಿಗೆ ಹಾಕಿದೆ.

ಇನ್ನೊಂದು ಬರೆದುಬಿಡುತ್ತೇನೆ. ಅದಾದ ಮೇಲೂ ಐವತ್ತು ಹೊಡೆದೆ. ಹೊಡೆಯದೆ ಹೋದರೆ ಯಾಕೆ ಅಂತ ಕೇಳುತ್ತಾರಲ್ಲ. ಐದು ಸೆಂಟಿಮೀಟರ್ ಗುಂಪು. ಇಷ್ಟು ದಿನದಲ್ಲೇ ಅತಿ ಚೆನ್ನಾದದ್ದು. ಥೂ.

ಅದೇ ದಿನ. ಸಂಜೆ 4

ಕೇಳಿದೆ. ಕೂಗಾಡದೆ ಕೇಳಿದೆ. ಗುಂಡನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ.

ಅತ್ತೆ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಏನಿದೆ ಅಂತ ಅವರಿಗೆ. "ಖಂಡೆ ಪೂಜಿ ದಿನ ಆಯುಧಾನ ಕಪಾಟಿನ್ಯಾಗ ಬಿಡತಾರೇನವ್ವಾ? ಅದಕ್ಕ ರವಿಗೆ ತಗಿ ಅಂದೆ."

"ಕೀಲಿ ಎಲ್ಲಿತ್ತರೀ?"

"ದೇವರ ಪೀಠದ ಕೆಳಗ. ದೇವರು ತೊಳಿಯಾಕ ಎತ್ತಿದೆ, ಸಿಕ್ತು."

ಇದು ನಾನು ಮಾಡಿದ್ದು. ಎರಡನೆಯ ಕೀಲಿಯನ್ನು ನಾನೇ ಅಲ್ಲಿಟ್ಟಿದ್ದೆ. ರವಿ ಸ್ನಾನವಿಲ್ಲದೆ ಜಗಲಿ ಮುಟ್ಟುವುದಿಲ್ಲ, ವೈಷ್ಣವಿಗೆ ಆ ಕಡೆ ಗಮನವೇ ಇಲ್ಲ, ಅದಕ್ಕಿಂತ ಭದ್ರ ಜಾಗ ಈ ಮನೆಯಲ್ಲಿಲ್ಲ ಎಂದುಕೊಂಡಿದ್ದೆ. ಅತ್ತೆ ಜಗಲಿ ವಹಿಸಿಕೊಂಡ ದಿನ ಪುಣ್ಯ ಬಂತು ಎಂದುಕೊಂಡೆನೇ ಹೊರತು ಕೀಲಿ ನೆನಪಾಗಲಿಲ್ಲ.

"ಆತು, ತಗದ್ರಿ. ಗುಂಡು ಯಾಕ ಹಾಕಿದ್ರಿ?"

ಕೇಳಿದ್ದು ರವಿಯನ್ನು. ಅತ್ತೆಯೇ ಹೇಳಿದರು: "ದೇವರ ಮುಂದ ಬರಿದ ಕೊಡ ಇಡ್ತೀಯೇನು? ಬರಿದ ಆಯುಧಾನೂ ಇಡಬಾರದು. ಐದು ಹಾಕಂದೆ."

ರವಿ ಐದು ಹಾಕಿದ್ದಾರೆ. ಸಿನಿಮಾದಲ್ಲಿ ಎಳೆಯುತ್ತಾರಲ್ಲ, ಹಾಗೆ ಎಳೆದೂ ನೋಡಿದ್ದಾರೆ. ಒಂದು ಗುಂಡು ಮೇಲೆ ನಳಿಗೆಗೆ ಹತ್ತಿ ಕೂತಿದೆ. ಪೂಜೆಯಾದ ಮೇಲೆ ಗುಂಡು ತುಂಬುವ ಮ್ಯಾಗಜೀನ್ ತೆಗೆದು ಉಳಿದದ್ದನ್ನು ಡಬ್ಬಿಗೆ ಸುರಿದಿದ್ದಾರೆ. ಎಣಿಸಿಲ್ಲ. ಮ್ಯಾಗಜೀನ್ ತೆಗೆದರೆ ಖಾಲಿ ಎಂದೇ ತಿಳಿದಿದ್ದಾರೆ. ಎಂಜಿನಿಯರ್.

ಫೋಟೊ ಇದೆಯೇ ಕೇಳಿದೆ. ಇದೆ. ಗದಗಿನ ಮನೆಮಂದಿಯ ಗ್ರೂಪಿಗೂ ಹೋಗಿದೆ, ಅರವತ್ತಮೂರು ಜನ. ಕೆಂಪು ಬಟ್ಟೆ, ಅದರ ಮೇಲೆ ನನ್ನ ಪಿಸ್ತೂಲು, ವಿಭೂತಿ, ಚೆಂಡು ಹೂ. ಮುಂದೆ ವೈಷ್ಣವಿ ಮೊಣಕಾಲೂರಿ ನಮಸ್ಕಾರ ಮಾಡುತ್ತಿದ್ದಾಳೆ. ನಳಿಗೆ ನೇರ ಅವಳ ನೆತ್ತಿಗೆ.

ಫೋನ್ ರವಿಯ ಕೈಗೆ ಕೊಟ್ಟೆ. ಅವರು ನೋಡಿದರು. ಮೊದಲನೆಯ ಸಲ ನೋಡಿದ ಹಾಗೆ ನೋಡಿದರು. ಕುರ್ಚಿ ಹುಡುಕಿಕೊಂಡು ಕೂತರು.

ಭಾನುವಾರ, 25

ಏನೂ ತಿನ್ನಲಾಗುತ್ತಿಲ್ಲ. ವೈಷ್ಣವಿಯ ತಲೆ ಬಾಚುವಾಗ ಬೈತಲೆ ತೆಗೆಯಲು ಆಗಲಿಲ್ಲ. ಸುಮ್ಮನೆ ಒಟ್ಟು ಸೇರಿಸಿ ಕಟ್ಟಿದೆ.

ರವಿ: "ಯಾರಿಗೂ ಗೊತ್ತಿಲ್ಲ ವಾಣಿ. ಫೋಟೊ ಡಿಲೀಟ್ ಮಾಡಸ್ತೀನಿ. ಕೀಲಿ ನೀನ ಇಟ್ಕೊ. ಹದಿನಾಲ್ಕು ತಿಂಗಳು ಓಡಾಡೀದಿ, ಯಾಕ ಹಾಳ್ ಮಾಡ್ಕೋತಿ?"

ಸರಿಯಾಗಿಯೇ ಹೇಳಿದರು. ಇನ್ನು ಐವತ್ತೇ ಗುಂಡು, ರಿಪೋರ್ಟ್ ಅರ್ಧ ಆಗಿದೆ. ಬಾಯಿ ಮುಚ್ಚಿಕೊಂಡರೆ ಮುಗಿಯಿತು. ಇಡೀ ದಿನ ಬಾಯಿ ಮುಚ್ಚಿಕೊಂಡೇ ಇದ್ದೆ.

ಸೋಮವಾರ, 26. ಬೆಳಿಗ್ಗೆ 9.30

ಪೊಲೀಸರಿಗೆ ಫೋನ್ ಮಾಡಿದೆ. ಆಮೇಲೆ ಟೀನೆಕೆಗೆ. ಅವಳು "ಮಗು ಚೆನ್ನಾಗಿದೆಯಾ?" ಎಂದಷ್ಟೇ ಕೇಳಿದಳು. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಅತ್ತೆ ಮಾತು ಬಿಟ್ಟಿದ್ದಾರೆ. ಪೂಜೆ ಮಾಡಿದವರನ್ನು ಪೊಲೀಸರಿಗೆ ಹಿಡಿದುಕೊಟ್ಟ ಸೊಸೆ ನಾನು.

ಮಂಗಳವಾರ, 27. ಸಂಜೆ 5

ಬೆಳಿಗ್ಗೆ ವೈಷ್ಣವಿ ಶಾಲೆಗೆ ಹೊರಡುತ್ತಿದ್ದಾಗಲೇ ಇಬ್ಬರು ಪೊಲೀಸರು ಬಂದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಪಿಸ್ತೂಲು, ಗುಂಡು, ಲೈಸೆನ್ಸ್. ಹತ್ತು ನಿಮಿಷವೂ ಹಿಡಿಯಲಿಲ್ಲ. ಸಹಿ ಮಾಡಿದೆ. ಮತ್ತೆ ಸಿಗುತ್ತದೆಯೇ ಎಂದು ಕೇಳಬಾರದು ಎಂದುಕೊಂಡಿದ್ದೆ, ಕೇಳಿದೆ. ಆ ಹೆಂಗಸು ಇಲ್ಲ ಅಂದಳು. ಮೆತ್ತಗೆ ಅಂದಳು. ಹೋದ ಮೇಲೆ ಖಾಲಿ ಪೆಟ್ಟಿಗೆಗೆ ಬೀಗ ಹಾಕಿದೆ, ಯಾಕೋ.

ಮೂರೂವರೆಗೆ ವೈಷ್ಣವಿ ಶಾಲೆಯಿಂದ ಬಂದಳು. ಷೂ ಬಿಚ್ಚಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು: "ಮಮ್ಮಿ, ಪೊಲೀಸ್ ಬಂದಿದ್ದು ಬಿಕಾಸ್ ಆಫ್ ಮಿ?"

"ಇಲ್ಲ ಪುಟ್ಟಿ. ನಿಂದೇನೈತಿ ಅದರಾಗ?"

"ಐ ಪ್ರೆಸ್ಡ್ ಇಟ್. ಅಪ್ಪ ಹೂ ತರಲಿಕ್ಕೆ ಹೋದಾಗ. ಜಸ್ಟ್ ಒನ್ಸ್. ನಥಿಂಗ್ ಹ್ಯಾಪನ್ಡ್."

ಟ್ರಿಗರ್ ಒತ್ತಿದರೂ ಗುಂಡು ಹಾರದ ಹಾಗೆ ಲಾಕ್ ಹಾಕಿತ್ತು. ಒಳಗಿಡುವಾಗ ನಾನು ಲಾಕ್ ಹಾಕಿಯೇ ಇಡುತ್ತೇನೆ. ಹಾಗೊಂದು ಇದೆ ಎಂದು ರವಿಗೆ ಗೊತ್ತೂ ಇಲ್ಲ, ಅದಕ್ಕೇ ತೆಗೆದಿರಲಿಲ್ಲ. ಅಷ್ಟೇ. ಹೆಬ್ಬೆರಳಿನಷ್ಟು ಕಬ್ಬಿಣ.

ಕೇಳಬಾರದಿತ್ತು. ಕೇಳಿದೆ. ಒತ್ತಿದಾಗ ಅದರ ಮುಖ ಯಾವ ಕಡೆ ಇತ್ತು?

ಜಗಲಿಯ ಕಡೆ ಕೈ ತೋರಿಸಿದಳು. "ಅಜ್ಜಿ ವಾಸ್ ಲೈಟಿಂಗ್ ದ ಲ್ಯಾಂಪ್. ಅಜ್ಜೀದು ಬ್ಯಾಕ್ ಈ ಕಡೆ ಇತ್ತು. ಶಿ ಡಿಡ್‌ನ್ಟ್ ಸೀ."

ಅವಳನ್ನು ಅಪ್ಪಿಕೊಂಡೆ. ಎಷ್ಟು ಹೊತ್ತು ಗೊತ್ತಿಲ್ಲ. ಉಸಿರು ಕಟ್ಟುತ್ತದೆ ಎಂದಳು, ಬಿಟ್ಟೆ.

ಈಗ ಅಡುಗೆಮನೆಯಿಂದ ಅತ್ತೆ ಕರೆಯುತ್ತಿದ್ದಾರೆ. ನಿನ್ನೆಯಿಂದೀಚೆಗೆ ಮೊದಲ ಮಾತು. "ವಾಣೀ, ಸಿಟ್ಟು ಬಿಡವ್ವಾ. ಚಹಾ ಮಾಡೀನಿ, ಬಾ. ಅಂಥಾದ್ದೇನಾತು, ಯಾರಿಗೇನಾತು?"

ಬಂದೆರೀ ಅಂದೆ. ಎದ್ದು ಹೋಗಬೇಕು. ಹೋಗಿ, ಅವರ ಮುಖ ನೋಡಿ, ಏನಂತ ಹೇಳಲಿ?