ಚಿಕ್ಕದಾಗುತ್ತ ಬಂದ ಚೀಟಿ

ಕುಷಾಯಿಗೂಡ, ಹೈದರಾಬಾದ್
ಭಾನುವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ಕಮಲಾಕ್ಷಿಗೆ,

ಕಾಲು ಹೇಗಿದೆ? ಪಟ್ಟಿ ಬಿಚ್ಚುವವರೆಗೂ ಬೀದರಿನಲ್ಲಿ ಸುಮ್ಮನೆ ಕೂತಿರು. ಅಕ್ಕನ ಅಡುಗೆಮನೆಯನ್ನೂ ನೀನೇ ಆಳಬೇಕೆಂದು ಯಾರೂ ಅರ್ಜಿ ಹಾಕಿಲ್ಲ. ಫೋನಿನಲ್ಲಿ ನಾನು ಹೇಳಿದ್ದು ನಿನ್ನ ಕಿವಿಗೆ ಅರ್ಧವೇ ಬೀಳುತ್ತದೆ, ಅದಕ್ಕೇ ಈ ಕಾಗದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಮಾನ್ಯಾ ಚೆನ್ನಾಗಿದ್ದಾಳೆ. ಎಂಟು ವಾರ ಮೊದಲೇ ಹುಟ್ಟಿದ ಅವಳ ಮಗಳಿಗೆ ಈಗ ತಿಂಗಳು ತುಂಬಿತು, ಇನ್ನೂ ಐಸಿಯುನಲ್ಲೇ ಇದ್ದಾಳೆ.

ನಿನಗೆ ಹೇಳದೆ ಮುಚ್ಚಿಟ್ಟದ್ದು ಒಂದಿದೆ, ನಗಬೇಡ. ಇಲ್ಲಿ ದಿನಾ ಬೆಳಿಗ್ಗೆ ಔಷಧದ ಚೀಟಿ ಕೊಡುತ್ತಾರೆ, ಕೆಳಗಿನ ಅಂಗಡಿಯಿಂದ ತರುವುದು ನನ್ನ ಡ್ಯೂಟಿ. ಮೊದಲು ಆರು ಸಾಲಿತ್ತು. ಮೂರನೇ ದಿನ ನೋಡಿದರೆ ಸೋಂಕಿನ ಎರಡು ಇಂಜೆಕ್ಷನ್ ನಾಪತ್ತೆ! ಮೂವತ್ತೆಂಟು ವರ್ಷ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಂಡವನು ನಾನು. ಚೀಟಿಯಲ್ಲಿ ಮಾಲು ಬಿಟ್ಟುಹೋಗಿದೆ ಎಂದರೆ ಗೋದಾಮಿನಲ್ಲಿ ಖಾಲಿ ಎಂದೇ ನನ್ನ ಲೆಕ್ಕ. ಹಳೆಯ ಚೀಟಿ ಹಿಡಿದು ಕೋಠಿಯ ಔಷಧ ಪೇಟೆಗೆ ಓಡಿ ಎರಡನ್ನೂ ತಂದೆ, ಬಾಗಿಲಲ್ಲೇ ನಿಂತು ನರ್ಸ್ ಉಷಾಳ ಮೇಲೆ ಹಾರಾಡಿದೆ. ಜಹೀರಾಬಾದಿನ ಹುಡುಗಿ, ನಮ್ಮ ಮಾತು ಬಲ್ಲಳು. "ಔಷಧ ಖಾಲಿ ಆಗಿಲ್ಲರಿ ಅಜ್ಜಾರ, ಕೂಸಿಗೆ ಬ್ಯಾಡಾಗೇತಿ. ರಕ್ತದಾಗ ಸೋಂಕಿಲ್ಲಂತ ರಿಪೋರ್ಟ್ ಬಂದೈತಿ" ಎಂದಳು. ಬೇಡದ ಔಷಧ ಅಷ್ಟು ಸಣ್ಣ ಜೀವಕ್ಕೆ ಭಾರವಂತೆ. ತಪ್ಪು ಮಾಡಿ ಇಷ್ಟು ಖುಷಿಪಟ್ಟದ್ದು ಇದೇ ಮೊದಲು.

ಆಮೇಲೆ ಚೀಟಿ ಚಿಕ್ಕದಾದಂತೆಲ್ಲ ನನಗೆ ಊಟ ರುಚಿಸತೊಡಗಿತು. ಕೊನೆಗೆ ಒಂದೇ ಉಳಿಯಿತು: ಕೂಸು ಉಸಿರಾಡುವುದನ್ನು ಮರೆಯದಿರಲೆಂದು ಕೊಡುವ ಔಷಧ. ಕಾಫಿಯಲ್ಲಿರುವ ಅಂಶವೇ ಅದಂತೆ! ನಾನು ಎರಡನೇ ಕಪ್ ಕೇಳಿದರೆ ಕಣ್ಣು ಕೆಂಪಗೆ ಮಾಡುತ್ತೀಯಲ್ಲ, ಮೊಮ್ಮಗಳಿಗೇನು ಹೇಳುತ್ತೀ? ಮಂಗಳವಾರ ಅದನ್ನೂ ನಿಲ್ಲಿಸಿದರು. ಐದು ದಿನ ಔಷಧವಿಲ್ಲದೆ ತಾನೇ ಉಸಿರಾಡಿದರೆ ಮನೆಗೆ ಬಿಡುತ್ತಾರೆ, ಒಮ್ಮೆ ಮರೆತರೂ ಮತ್ತೆ ಮೊದಲಿನಿಂದ ಎಣಿಕೆ. ಇವತ್ತಿಗೆ ಐದು. ಹೆದರಿಕೆಯಿದೆ, ನಿನ್ನ ಹತ್ತಿರ ಸುಳ್ಳೇಕೆ? ಆದರೂ ಬೆಳಿಗ್ಗೆ ಗಾಜಿನಾಚೆಯಿಂದ ನೋಡಿದೆ, ಪುಟ್ಟ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಮನಸ್ಸು ತುಂಬಿತು.

ಅಕ್ಕನಿಗೆ ನನ್ನ ನಮಸ್ಕಾರ. ನಿನ್ನ ಗುಳಿಗೆ ಮಾತ್ರ ತಪ್ಪಿಸಬೇಡ, ಅದಿನ್ನೂ ಚೀಟಿಯಲ್ಲಿದೆ.

ನಿನ್ನ
ಬಸವಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಉಷಾ ಬಂದು ಹೊಸ ಚೀಟಿ ಕೊಟ್ಟಳು. ಮೂರೇ ಸಾಲು: ಟೋಪಿ, ಕಾಲುಚೀಲ, ಕೂಸನ್ನು ಸುತ್ತಲು ಮೆತ್ತಗಿನ ಹಳೆ ಸೀರೆ. ಔಷಧವೆಲ್ಲಿ ಎಂದು ಹಿಂದೆ ತಿರುಗಿಸಿಯೂ ನೋಡಿದೆ. "ಐದು ದಿನ ದಾಟ್ಯಾಳರಿ ಅಜ್ಜಾರ, ಬುಧವಾರ ಮನಿಗೆ" ಎಂದಳು. ಮೊದಲೆರಡನ್ನು ನಾನು ತರುತ್ತೇನೆ. ಮೂರನೆಯದು ನಿನ್ನ ಸ್ಟೋರ್ಸಿನ ಮಾಲು. ಪಕ್ಕದ ಮನೆಯ ಕಾಶಿನಾಥ ಈಗ ಬೀದರಿಗೆ ಹೊರಟಿದ್ದಾನೆ, ಈ ಕಾಗದ ಅವನೇ ತರುತ್ತಾನೆ, ಮಂಗಳವಾರ ಹಿಂತಿರುಗುತ್ತಾನೆ. ಇಲ್ಲಿ ಮನೆಯಲ್ಲಿರುವ ಸೀರೆ ಟ್ರಂಕಿನ ಬೀಗದಕೈ ನಿನ್ನ ಸೆರಗಿನ ಗಂಟಿನಲ್ಲಿದೆಯಲ್ಲ, ಅದನ್ನು ಅವನ ಕೈಗೆ ಕೊಡು.